ಆಟಗಾರನ ಹತ್ತು ವರ್ಷ, ಬಾಳಿನ ಅರವತ್ತು ವರ್ಷ

ವಿಶಾಖಪಟ್ಟಣದಲ್ಲಿ ಕಡಲ ಗಾಳಿ ಇನ್ನೂ ತಂಪಾಗಿರುವಾಗಲೇ ಶಾಲೆಗಳ ಸಿಮೆಂಟಿನ ಅಂಗಣಗಳಲ್ಲಿ ಚೆಂಡು ಪುಟಿಯುವ ಸದ್ದು ಕೇಳತೊಡಗುತ್ತದೆ. ವಿಜಯವಾಡದಲ್ಲಿ ಆ ಸದ್ದು ಅದಕ್ಕೂ ಮುಂಚೆಯೇ ಏಳಬೇಕು. ಬೇಸಗೆ ಬಂದಿತೆಂದರೆ ಕೃಷ್ಣಾತೀರದ ಆ ನಗರದ ಸೂರ್ಯನು ಹೊತ್ತೇರಿದ ಮೇಲೆ ಯಾರನ್ನೂ ಬಯಲಿನಲ್ಲಿ ನಿಲ್ಲಗೊಡುವುದಿಲ್ಲ. ಹದಿಮೂರು ಹದಿನಾಲ್ಕು ವರ್ಷದ ಹುಡುಗ ಹುಡುಗಿಯರು, ನೆಲದಿಂದ 3.05 ಮೀಟರು ಎತ್ತರದಲ್ಲಿ ಬಿಗಿದ ಒಂದು ಕಬ್ಬಿಣದ ಬಳೆಯತ್ತ ಕಣ್ಣು ನೆಟ್ಟು, ಓಡಿ, ನೆಗೆದು, ಬಿದ್ದು, ಮತ್ತೆ ಏಳುತ್ತಾರೆ. ಆಟದ ಹೆಸರು ಬಾಸ್ಕೆಟ್‌ಬಾಲ್.

ಬ್ಯಾಂಕಿನ ವರ್ಗಾವಣೆ, ರೈಲ್ವೆಯ ಹುದ್ದೆ, ನೌಕಾದಳದ ಸೇವೆ, ಹೋಟೆಲಿನ ವ್ಯವಹಾರ ಮುಂತಾದ ಕಾರಣಗಳಿಂದ ಈ ನಗರಗಳಿಗೆ ಬಂದು ನೆಲೆಸಿದ ಒಂದು ಕನ್ನಡ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಎಂಟನೆಯ ತರಗತಿಯ ಮಗ ಒಂದೇ ವರ್ಷದಲ್ಲಿ ತಂದೆಯ ಭುಜವನ್ನು ದಾಟಿ ಬೆಳೆದಿದ್ದಾನೆ. ಶಾಲೆಯ ವ್ಯಾಯಾಮ ಶಿಕ್ಷಕರು ಮನೆಗೆ ಹೇಳಿ ಕಳುಹಿಸಿದ್ದಾರೆ, ಹುಡುಗನನ್ನು ಬಾಸ್ಕೆಟ್‌ಬಾಲಿಗೆ ಬಿಡಿ ಎಂದು. ರಜೆಗೆ ಬಂದ ಅಜ್ಜಿಗೆ ಮೊಮ್ಮಗನ ಎತ್ತರಕ್ಕೆ ದೃಷ್ಟಿ ತಗಲೀತೆಂಬ ಆತಂಕ. ತಂದೆಗೆ ಇಂಜಿನಿಯರಿಂಗ್ ಸೀಟಿನ ಚಿಂತೆ. ತಾಯಿಯು ಮಾತ್ರ ಎಲ್ಲರ ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಕೇಳುತ್ತಾಳೆ: “ಅಲ್ಲಾ, ಈ ಆಟದಿಂದ ನಾಳೆ ಇವನಿಗೆ ಅನ್ನ ಹುಟ್ಟುತ್ತದೆಯೇ?”

ಮುಂಬಯಿ, ದೆಹಲಿ, ಚೆನ್ನೈ, ಹೈದರಾಬಾದುಗಳ ಕನ್ನಡ ಮನೆಗಳಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಆದರೆ ಮಹಾನಗರದ ಥಳುಕಿನಲ್ಲಿ, ದೂರದರ್ಶನದಲ್ಲಿ ಕಾಣುವ ಅಮೆರಿಕದ ಕೋಟ್ಯಧೀಶ ಆಟಗಾರರ ಬೆಳಕಿನಲ್ಲಿ, ಉತ್ತರವು ಮಸುಕಾಗಿಬಿಡುತ್ತದೆ. ವಿಶಾಖಪಟ್ಟಣ ಮತ್ತು ವಿಜಯವಾಡಗಳಂತಹ ಊರುಗಳಲ್ಲಿ ಅದು ನಿರಾಭರಣವಾಗಿ ಕಾಣುತ್ತದೆ. ಆಟಗಾರನ ಬಾಳು ಎಲ್ಲಿ ಆರಂಭವಾಗುತ್ತದೆ, ಯಾರ ಸಂಬಳದಿಂದ ನಡೆಯುತ್ತದೆ, ಎಲ್ಲಿ ಮುರಿದು ಬೀಳುತ್ತದೆ ಎಂಬುದನ್ನು ಅರಿಯಲು ಇಂತಹ ಊರುಗಳೇ ತಕ್ಕ ಸ್ಥಳ.

ವೈದ್ಯನೊಬ್ಬನು ಹುಟ್ಟಿಸಿದ ಆಟ

ಈ ಆಟದ ಜನನವೇ ಆರೋಗ್ಯದ ದೃಷ್ಟಿಯಿಂದ ಆದದ್ದು. ಕೆನಡಾ ದೇಶದಲ್ಲಿ ಹುಟ್ಟಿದ ಜೇಮ್ಸ್ ನೈಸ್ಮಿತ್ ಎಂಬ ವ್ಯಾಯಾಮ ಶಿಕ್ಷಕರು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ಶಾಲೆಯಲ್ಲಿ, ಹಿಮದ ಕಾಲದಲ್ಲಿ ಹೊರಗೆ ಆಡಲಾಗದ ತರುಣರಿಗಾಗಿ ಇದನ್ನು ರೂಪಿಸಿದರು. ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಗೋಡೆಯ ಮೇಲ್ಭಾಗಕ್ಕೆ ಹೊಡೆದು ಚೆಂಡನ್ನು ಅದರೊಳಗೆ ಎಸೆಯಲು ಹೇಳಿದರು. ಚೆಂಡನ್ನು ಹಿಡಿದುಕೊಂಡು ಓಡಬಾರದು, ಎದುರಾಳಿಯನ್ನು ತಳ್ಳಬಾರದು ಎಂಬ ನಿಯಮಗಳಿಗೆ ಮೂಲವು ಮೈಗೆ ಪೆಟ್ಟಾಗಬಾರದೆಂಬ ಕಾಳಜಿ. ನೈಸ್ಮಿತ್ ಮುಂದೆ 1898ರಲ್ಲಿ ವೈದ್ಯಕೀಯ ಪದವಿಯನ್ನೂ ಪಡೆದರು. ವೈದ್ಯನ ಮನಸ್ಸಿನಿಂದ ಹುಟ್ಟಿದ ಆಟವೊಂದು ಇಂದು ಮೊಣಕಾಲಿನ ಶಸ್ತ್ರವೈದ್ಯರಿಗೆ ಬಿಡುವಿಲ್ಲದಷ್ಟು ಕೆಲಸ ಕೊಡುತ್ತಿರುವುದು ಕಾಲದ ವಿಪರ್ಯಾಸವೇ ಸರಿ.

ಭಾರತಕ್ಕೂ ಇದು ವೈ.ಎಂ.ಸಿ.ಎ. ಮೂಲಕವೇ ಬಂದಿತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬುವರು ಮದರಾಸಿನಲ್ಲಿ ಸ್ಥಾಪಿಸಿದ ವ್ಯಾಯಾಮ ಶಿಕ್ಷಣ ಕಾಲೇಜಿನಿಂದ ಹೊರಬಂದ ಶಿಕ್ಷಕರು ದಕ್ಷಿಣ ಭಾರತದ ಶಾಲೆಗಳಿಗೆ ಇಂತಹ ಆಟಗಳನ್ನು ಒಯ್ದರು. ಅಂದು ಆಂಧ್ರದ ಕರಾವಳಿಯೂ, ದಕ್ಷಿಣ ಕನ್ನಡವೂ, ಬಳ್ಳಾರಿಯೂ ಮದರಾಸು ಪ್ರಾಂತದಲ್ಲಿಯೇ ಇದ್ದುದರಿಂದ ತೆಲುಗರಿಗೂ ಆ ಭಾಗದ ಕನ್ನಡಿಗರಿಗೂ ಈ ಆಟದ ಗುರುಮನೆ ಒಂದೇ ಎನ್ನಬಹುದು. 1926ರಲ್ಲಿ ಬೆಜವಾಡೆಯಲ್ಲಿ, ಎಂದರೆ ಇಂದಿನ ವಿಜಯವಾಡದಲ್ಲಿ, ಆರಂಭವಾದ ಆಂಧ್ರ ವಿಶ್ವವಿದ್ಯಾನಿಲಯವು ಕೆಲವೇ ವರ್ಷಗಳಲ್ಲಿ ವಿಶಾಖಪಟ್ಟಣದ ವಾಲ್ಟೇರಿಗೆ ತೆರಳಿತು. ಸುಮಾರು 350 ಕಿಲೋಮೀಟರು ಅಂತರದ ಈ ಎರಡು ನಗರಗಳ ನಡುವೆ ವಿದ್ಯೆಯೂ ಆಟವೂ ಅಂದಿನಿಂದಲೂ ಓಡಾಡುತ್ತ ಬಂದಿವೆ.

ಭಾರತ ಬಾಸ್ಕೆಟ್‌ಬಾಲ್ ಒಕ್ಕೂಟವು 1950ರಲ್ಲಿ ರೂಪುಗೊಂಡಿತು. ಭಾರತದ ಪುರುಷರ ತಂಡವು ಒಲಿಂಪಿಕ್ ಅಂಗಣವನ್ನು ಕಂಡದ್ದು ಒಂದೇ ಒಂದು ಸಲ, 1980ರಲ್ಲಿ ಮಾಸ್ಕೋದಲ್ಲಿ. ಅನೇಕ ರಾಷ್ಟ್ರಗಳು ಆ ಕೂಟವನ್ನು ಬಹಿಷ್ಕರಿಸಿದ್ದರಿಂದ ತೆರವಾದ ಜಾಗ ಅದು. ಹನ್ನೆರಡು ತಂಡಗಳಲ್ಲಿ ಭಾರತವು ಹನ್ನೆರಡನೆಯದಾಗಿ ಉಳಿಯಿತು. ಇದನ್ನು ನೆನೆಯುವುದು ಹೀಯಾಳಿಸುವುದಕ್ಕಲ್ಲ. ಮಗನ ಎತ್ತರವನ್ನು ನೋಡಿ ಅಮೆರಿಕದ ಕನಸು ಕಾಣುವ ಪಾಲಕರಿಗೆ ಕಾಲ ಕೆಳಗಿನ ನೆಲ ಯಾವುದೆಂಬ ಅರಿವಿರಲಿ ಎಂಬುದಷ್ಟೇ ಉದ್ದೇಶ.

ಕನಸಿನ ಬೆಲೆ

ಆ ಕನಸಿನ ಅತ್ಯಂತ ಸಮೀಪಕ್ಕೆ ಹೋದವರು ಪಂಜಾಬದ ಬಲ್ಲೋಕೆ ಗ್ರಾಮದ ಸತ್ನಾಮ್ ಸಿಂಗ್. ಏಳಡಿಗೂ ಮಿಕ್ಕಿದ ಎತ್ತರ. ಲೂಧಿಯಾನದ ತರಬೇತಿ ಕೇಂದ್ರದಲ್ಲಿ ಪ್ರಾರಂಭ. 2010ರಲ್ಲಿ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಫ್ಲಾರಿಡಾಕ್ಕೆ ಪ್ರಯಾಣ. 2015ರ ಜೂನ್ ತಿಂಗಳಿನಲ್ಲಿ ಡಲ್ಲಾಸ್ ನಗರದ ತಂಡವು ಆ ವರ್ಷದ ಆಯ್ಕೆಯಲ್ಲಿ ಅವರನ್ನು 52ನೆಯವರಾಗಿ ಆರಿಸಿಕೊಂಡಾಗ, ಎನ್.ಬಿ.ಎ. ಎಂಬ ಆ ಮಹಾಕೂಟಕ್ಕೆ ಹೀಗೆ ಆಯ್ಕೆಯಾದ ಮೊದಲ ಭಾರತೀಯರೆಂದು ದೇಶವೇ ಹಿಗ್ಗಿತು. ಆದರೆ ಮುಖ್ಯ ತಂಡದ ಪರವಾಗಿ ಕೂಟದ ಒಂದು ಪಂದ್ಯವನ್ನೂ ಅವರು ಆಡಲಾಗಲಿಲ್ಲ. ಎರಡು ವರ್ಷ ಅಧೀನ ಕೂಟದಲ್ಲಿ ಆಡಿ ಹಿಂದಿರುಗಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂಬ ಗಾದೆ ಇಂತಹುದಕ್ಕಾಗಿಯೇ ಹುಟ್ಟಿತೇನೋ. 2019ರ ನವೆಂಬರಿನಲ್ಲಿ ನಡೆದ ಮದ್ದಿನ ಪರೀಕ್ಷೆಯಲ್ಲಿ ಹಿಜೆನಮೀನ್ ಎಂಬ ನಿಷಿದ್ಧ ವಸ್ತು ಕಂಡುಬಂದು, 2020ರ ಡಿಸೆಂಬರಿನಲ್ಲಿ ಅವರಿಗೆ ಎರಡು ವರ್ಷಗಳ ನಿಷೇಧ ವಿಧಿಸಲಾಯಿತು. ಬಳಿಕ ಅವರು ಅಮೆರಿಕದ ವೃತ್ತಿ ಕುಸ್ತಿಯ ಅಖಾಡವನ್ನು ಸೇರಿದರು.

ಮಹಿಳೆಯರಲ್ಲಿ ಕೇರಳದ ಗೀತು ಅನ್ನಾ ಜೋಸ್ ಅವರ ಚರಿತ್ರೆ ಗಮನಾರ್ಹ. 2006ರಲ್ಲಿ ಆಸ್ಟ್ರೇಲಿಯದ ಕ್ಲಬ್ ಒಂದಕ್ಕೆ ವೃತ್ತಿ ಆಟಗಾರ್ತಿಯಾಗಿ ಹೋದರು. 2011ರಲ್ಲಿ ಅಮೆರಿಕದ ಮಹಿಳಾ ಕೂಟದ ಮೂರು ತಂಡಗಳು ಅವರನ್ನು ಪರೀಕ್ಷಾರ್ಥವಾಗಿ ಕರೆದವು. ಆದರೆ ಸ್ಥಾನ ದೊರೆಯಲಿಲ್ಲ. ಅವರಿಗೆ ಆಧಾರವಾಗಿ ನಿಂತದ್ದು ದಕ್ಷಿಣ ರೈಲ್ವೆಯ ನೌಕರಿ. 2014ರಲ್ಲಿ ಅರ್ಜುನ ಪ್ರಶಸ್ತಿ ಬಂದಾಗಲೂ ರೈಲ್ವೆಯ ಆಟಗಾರ್ತಿಯೆಂದೇ ಅವರ ಹೆಸರು.

ದೇಶದೊಳಗಿನ ವೃತ್ತಿಕೂಟಗಳ ಸ್ಥಿತಿಯೂ ಪಾಲಕರು ತಿಳಿಯತಕ್ಕದ್ದು. 2015ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಯು.ಬಿ.ಎ. ಎಂಬ ಕೂಟವು 2017ರ ನಂತರ ಮುಂದುವರಿಯಲಿಲ್ಲ. 2022ರಲ್ಲಿ ಮತ್ತೊಂದು ಕೂಟವು ಬೆಂಗಳೂರು, ಚೆನ್ನೈ, ಕೊಚ್ಚಿ, ಮುಂಬಯಿ, ದೆಹಲಿ, ಚಂಡೀಗಢ ಎಂಬ ಆರು ನಗರಗಳ ಹೆಸರಿನಲ್ಲಿ ಪ್ರಾರಂಭವಾಯಿತು. ಆ ಆರರಲ್ಲಿ ವಿಶಾಖಪಟ್ಟಣವೂ ಇರಲಿಲ್ಲ, ವಿಜಯವಾಡವೂ ಇರಲಿಲ್ಲ. ವರ್ಷದಲ್ಲಿ ಕೆಲವು ವಾರ ಹಣ ಕೊಟ್ಟು, ಮುಂದಿನ ವರ್ಷ ಇರುತ್ತದೆಯೋ ಇಲ್ಲವೋ ಎಂಬ ಕೂಟವನ್ನು ನಂಬಿ ಸಂಸಾರದ ರಥವನ್ನು ಹೂಡಲಾಗದು.

ಹಾಗಾದರೆ ಭಾರತದ ಆಟಗಾರನು ಬದುಕಿದ್ದು ಹೇಗೆ?

ಉತ್ತರವು ಈ ಎರಡು ನಗರಗಳ ನಕ್ಷೆಯಲ್ಲಿಯೇ ಇದೆ. ವಿಶಾಖಪಟ್ಟಣವೆಂದರೆ 1933ರಲ್ಲಿ ತೆರೆದ ಬಂದರು, ಪೂರ್ವ ನೌಕಾ ಕಮಾಂಡಿನ ಕೇಂದ್ರಸ್ಥಾನ, ವಾಲ್ಟೇರ್ ರೈಲ್ವೆ, ಉಕ್ಕಿನ ಕಾರ್ಖಾನೆ. ವಿಜಯವಾಡವೆಂದರೆ ಮೊದಲಿಗೆ ರೈಲ್ವೆ, ಆಮೇಲೆ ಉಳಿದದ್ದು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಅದರ ಆರಂಭದ ವಿಭಾಗಗಳಲ್ಲಿ ವಿಜಯವಾಡವೂ ಒಂದು, ಹುಬ್ಬಳ್ಳಿಯೂ ಒಂದು. 2003ರಲ್ಲಿ ನೈಋತ್ಯ ರೈಲ್ವೆ ಬೇರೆಯಾಗುವವರೆಗೆ ಆ ಎರಡು ಊರುಗಳ ನೌಕರರು ಒಂದೇ ಆಡಳಿತದ ಕುಟುಂಬಕ್ಕೆ ಸೇರಿದವರು. ಭಾರತದಲ್ಲಿ ಬಾಸ್ಕೆಟ್‌ಬಾಲ್ ಆಟಗಾರನೆಂದರೆ ರೈಲ್ವೆಯಲ್ಲೋ, ಸೇನೆಯಲ್ಲೋ, ಬ್ಯಾಂಕಿನಲ್ಲೋ, ತೈಲ ಸಂಸ್ಥೆಯಲ್ಲೋ ಗುಮಾಸ್ತೆ, ಟಿಕೆಟ್ ಪರೀಕ್ಷಕ, ಅಧಿಕಾರಿ ಮೊದಲಾದ ಯಾವುದಾದರೊಂದು ಹುದ್ದೆಯಲ್ಲಿದ್ದು ಸಂಜೆ ಅಂಗಣಕ್ಕೆ ಇಳಿಯುವ ವ್ಯಕ್ತಿ. ಮಹಿಳೆಯರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಭಾರತೀಯ ರೈಲ್ವೆಯ ತಂಡವು ವರ್ಷಾನುವರ್ಷ ಗೆಲ್ಲುತ್ತ ಬಂದುದಕ್ಕೆ ಕಾರಣ ಬೇರೆಯಿಲ್ಲ. ಆಟ ಬಲ್ಲ ಹುಡುಗಿಗೆ ತಿಂಗಳ ಸಂಬಳ, ಪ್ರವಾಸಕ್ಕೆ ಪಾಸು, ಅನಾರೋಗ್ಯಕ್ಕೆ ರೈಲ್ವೆ ಆಸ್ಪತ್ರೆ ಎಂದು ಭರವಸೆ ಕೊಟ್ಟ ಯಜಮಾನ ಆ ಇಲಾಖೆ.

ಇದನ್ನು ಹಳೆಯ ಕಾಲದ ಅರೆವೃತ್ತಿ ಎಂದು ಮೂಗು ಮುರಿಯುವವರಿದ್ದಾರೆ. ಆಟವೇ ವೃತ್ತಿಯಾಗದೆ ಉನ್ನತ ಮಟ್ಟ ಸಾಧ್ಯವಿಲ್ಲವೆಂಬ ಅವರ ವಾದದಲ್ಲಿ ಸತ್ಯಾಂಶವಿಲ್ಲದಿಲ್ಲ. ಬೆಳಗ್ಗೆ ಹತ್ತರಿಂದ ಐದರವರೆಗೆ ಕಡತ ನೋಡಿದವನು ಸಂಜೆ ನೆಗೆಯುವ ನೆಗೆತಕ್ಕೂ, ಇಡೀ ದಿನ ಆಟಕ್ಕೇ ಮೀಸಲಾದವನ ನೆಗೆತಕ್ಕೂ ಅಂತರವಿರುವುದು ಸಹಜ. ಆದರೆ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಮೊಣಕಾಲು ಕೈಕೊಟ್ಟ ದಿನ ವೃತ್ತಿಕೂಟದ ಒಪ್ಪಂದ ಮುಗಿಯುತ್ತದೆ. ರೈಲ್ವೆಯ ನೌಕರಿ ಮುಗಿಯುವುದಿಲ್ಲ. ಈ ಒಂದು ವ್ಯತ್ಯಾಸದಲ್ಲಿ ಸಾವಿರಾರು ಸಂಸಾರಗಳು ಉಳಿದುಕೊಂಡಿವೆ. ನೌಕರಿಯ ನೆರಳಿನಲ್ಲಿ ಆಡುವ ಪದ್ಧತಿಯು ಬಡ ದೇಶವೊಂದು ತನ್ನ ಆಟಗಾರರಿಗೆ ಕಂಡುಕೊಂಡ ವಿಮೆ. ಅದನ್ನು ಹಗುರಾಗಿ ಕಾಣುವುದು ವಿವೇಕವಲ್ಲ.

ದುಃಖದ ಸಂಗತಿಯೆಂದರೆ ಆ ನೆರಳೇ ಈಗ ಕಿರಿದಾಗುತ್ತಿದೆ. ಕನ್ನಡಿಗರಿಗೆ ಇದರ ಉದಾಹರಣೆ ದೂರದಲ್ಲಿಲ್ಲ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬಾಸ್ಕೆಟ್‌ಬಾಲ್ ತಂಡವನ್ನೂ ಸಾಕಿದ್ದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ ಲೀನವಾಯಿತು. ಮರುವರ್ಷ ಅದೇ ದಿನ, 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕೂ 1923ರಲ್ಲಿ ಮಚಲೀಪಟ್ಟಣದಲ್ಲಿ ಹುಟ್ಟಿದ ಆಂಧ್ರ ಬ್ಯಾಂಕೂ ಜೊತೆಯಾಗಿ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯನ್ನು ಖಾಸಗಿಗೆ ವಹಿಸುವ ನಿರ್ಧಾರ 2021ರ ಜನವರಿಯಲ್ಲಿ ಬಂದು ಊರಿಗೆ ಊರೇ ಬೀದಿಗಿಳಿಯಿತು. 2025ರ ಜನವರಿಯಲ್ಲಿ 11,440 ಕೋಟಿ ರೂಪಾಯಿಗಳ ಪುನಶ್ಚೇತನ ನೆರವು ಪ್ರಕಟವಾಯಿತು. ಲಾಭ ನಷ್ಟದ ಲೆಕ್ಕ ಅರ್ಥಶಾಸ್ತ್ರಜ್ಞರದು. ಆದರೆ ಎರಡು ಮೂರು ಸಂಸ್ಥೆಗಳು ಒಂದಾದಲ್ಲಿ ಎರಡು ಮೂರು ತಂಡಗಳಿಗೆ ಇದ್ದ ಅವಕಾಶವೂ ಒಂದೇ ಆಗುತ್ತದೆಂಬ ಸಣ್ಣ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಆಂಧ್ರಪ್ರದೇಶ ಸರ್ಕಾರವು 2024ರ ಕ್ರೀಡಾನೀತಿಯಲ್ಲಿ ಉದ್ಯೋಗದ ಕ್ರೀಡಾ ಮೀಸಲಾತಿಯನ್ನು ಶೇಕಡಾ 2ರಿಂದ 3ಕ್ಕೆ ಏರಿಸಿದ್ದು ಇಂತಹ ಕಾಲದಲ್ಲಿ ಸ್ವಾಗತಾರ್ಹ ಹೆಜ್ಜೆ.

ದೇಹವೆಂಬ ಬಂಡವಾಳ

ಆಟಗಾರನ ಬಂಡವಾಳ ಅವನ ದೇಹ. ವ್ಯಾಪಾರಿಯು ಬಂಡವಾಳವನ್ನು ಕಾಯುವಷ್ಟು ಜಾಗರೂಕತೆಯಿಂದ ಆಟಗಾರನ ಮನೆಯವರು ಅವನ ದೇಹವನ್ನು ಕಾಯುತ್ತಾರೆಯೇ ಎಂಬುದು ವಿಚಾರಾರ್ಹ.

ಮೊದಲಿಗೆ ಒಂದು ಭ್ರಮೆಯನ್ನು ನಿವಾರಿಸಬೇಕು. ಬಾಸ್ಕೆಟ್‌ಬಾಲ್ ಆಡಿದರೆ ಮಕ್ಕಳು ಎತ್ತರ ಬೆಳೆಯುತ್ತಾರೆಂದು ನಂಬಿ ಅಂಗಣಕ್ಕೆ ಸೇರಿಸುವವರು ಬಹಳ. ಎತ್ತರವು ಮುಖ್ಯವಾಗಿ ವಂಶದಿಂದಲೂ, ಬಾಲ್ಯದ ಆಹಾರ ಆರೋಗ್ಯಗಳಿಂದಲೂ ಬರುವಂತಹುದು. ಎತ್ತರದವರು ಈ ಆಟಕ್ಕೆ ಬರುತ್ತಾರೆ. ಆಟವು ಯಾರನ್ನೂ ಎಳೆದು ಉದ್ದ ಮಾಡುವುದಿಲ್ಲ. ಕುಳ್ಳ ಮಗುವೂ ಸಂತೋಷಕ್ಕಾಗಿ, ಹೃದಯ ಶ್ವಾಸಕೋಶಗಳ ಬಲಕ್ಕಾಗಿ, ನಾಲ್ವರೊಡನೆ ಕೂಡಿ ಬಾಳುವ ಗುಣಕ್ಕಾಗಿ ಧಾರಾಳವಾಗಿ ಆಡಬಹುದು.

ಈ ಆಟದಲ್ಲಿ ಅತಿ ಸಾಮಾನ್ಯವಾದ ಪೆಟ್ಟು ಕಾಲಿನ ಹರಡು ಉಳುಕುವುದು. ಎಣ್ಣೆ ಹಾಕಿ ತಿಕ್ಕಿಸಿ ಮರುದಿನವೇ ಆಡಲು ಕಳುಹಿಸುವ ಪದ್ಧತಿಯಿಂದ ಅದೇ ಕಾಲು ಮತ್ತೆ ಮತ್ತೆ ಉಳುಕುತ್ತದೆ. ಅದಕ್ಕಿಂತ ಭಯಂಕರವಾದುದು ಮೊಣಕಾಲಿನೊಳಗಿನ ಅಡ್ಡಕಟ್ಟು ಹರಿಯುವುದು. ಓಡುತ್ತಿದ್ದವನು ಥಟ್ಟನೆ ತಿರುಗಿದಾಗ, ನೆಗೆದವನು ಮೊಣಕಾಲು ಒಳಕ್ಕೆ ವಾಲಿಸಿ ಇಳಿದಾಗ, ಯಾರೂ ಮುಟ್ಟದೆಯೇ ಅದು ಹರಿಯಬಹುದು. ಶಸ್ತ್ರಚಿಕಿತ್ಸೆಯಾದರೆ ಆಟಕ್ಕೆ ಮರಳಲು ಸಾಮಾನ್ಯವಾಗಿ ಒಂಬತ್ತು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಹುಡುಗಿಯರಲ್ಲಿ ಈ ಅಪಾಯ ಹುಡುಗರಿಗಿಂತ ಎರಡು ಮೂರು ಪಟ್ಟು ಹೆಚ್ಚೆಂದು ವೈದ್ಯರು ಕಂಡಿದ್ದಾರೆ. ಆದರೆ ಇದಕ್ಕೆ ದುಬಾರಿಯಲ್ಲದ ತಡೆಯೂ ಇದೆ. ಪ್ರತಿದಿನ ಆಟಕ್ಕೆ ಮುಂಚೆ ಹದಿನೈದು ಇಪ್ಪತ್ತು ನಿಮಿಷ ತೊಡೆ ಸೊಂಟಗಳಿಗೆ ಬಲ ಕೊಡುವ ವ್ಯಾಯಾಮ, ಒಂಟಿಕಾಲಿನ ಸಮತೋಲ, ಮೊಣಕಾಲು ಮಡಿಸಿ ಮೃದುವಾಗಿ ಇಳಿಯುವ ಅಭ್ಯಾಸ, ಇಷ್ಟನ್ನು ತಪ್ಪದೆ ಮಾಡಿಸಿದ ತಂಡಗಳ ಹುಡುಗಿಯರಲ್ಲಿ ಈ ಗಾಯವು ಸುಮಾರು ಅರ್ಧದಷ್ಟು ತಗ್ಗಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಇಳಿಯುವ ರೀತಿಯನ್ನು ಹನ್ನೆರಡನೆಯ ವಯಸ್ಸಿನಲ್ಲಿಯೇ ಕಲಿಸಬೇಕು.

ವಿಶ್ರಾಂತಿಯೂ ತರಬೇತಿಯ ಒಂದು ಅಂಗ. ಮಗುವಿನ ವಯಸ್ಸು ಎಷ್ಟೋ, ವಾರಕ್ಕೆ ಅದಕ್ಕಿಂತ ಹೆಚ್ಚು ಗಂಟೆ ಕಟ್ಟುನಿಟ್ಟಿನ ತರಬೇತಿ ಬೇಡವೆಂಬುದೂ, ವಾರದಲ್ಲಿ ಒಂದೆರಡು ದಿನ ಪೂರ್ಣ ಬಿಡುವಿರಬೇಕೆಂಬುದೂ ಕ್ರೀಡಾವೈದ್ಯರ ಸಲಹೆ. ಮರದ ಹಾಸಿನ ಒಳಾಂಗಣವಿಲ್ಲದೆ ಗಟ್ಟಿ ಸಿಮೆಂಟಿನ ಮೇಲೆ ನೆಗೆಯುವ ಮಕ್ಕಳಿಗೆ ಇದು ಇನ್ನೂ ಅಗತ್ಯ.

ಬಹಳ ಎತ್ತರ ಬೆಳೆದ ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. 1896ರಲ್ಲಿ ಫ್ರಾನ್ಸಿನ ಮಕ್ಕಳ ವೈದ್ಯರೊಬ್ಬರು ವರ್ಣಿಸಿದ ಮಾರ್ಫಾನ್ ಎಂಬ ವಂಶವಾಹಿ ದೋಷವು ಸುಮಾರು ಐದು ಸಾವಿರ ಮಂದಿಯಲ್ಲಿ ಒಬ್ಬರಿಗಿರುತ್ತದೆ. ಅಸಾಮಾನ್ಯ ಎತ್ತರ, ಮೈಯ ಉದ್ದಕ್ಕಿಂತಲೂ ಮಿಗಿಲಾಗಿ ಚಾಚುವ ತೋಳುಗಳು, ನೀಳವಾದ ತೆಳು ಬೆರಳುಗಳು, ಒಳಕ್ಕೆ ಕುಗ್ಗಿದ ಇಲ್ಲವೆ ಮುಂದಕ್ಕೆ ಉಬ್ಬಿದ ಎದೆ, ಎಳೆವಯಸ್ಸಿನಲ್ಲಿಯೇ ತೀವ್ರ ದೃಷ್ಟಿದೋಷ ಇದರ ಲಕ್ಷಣಗಳು. ಹೃದಯದಿಂದ ಹೊರಡುವ ಮಹಾಧಮನಿಯು ಹಿಗ್ಗಿ, ಶ್ರಮದ ಆಟದ ನಡುವೆ ಬಿರಿಯುವ ಅಪಾಯವಿದೆ. ಅಮೆರಿಕದ ಐಸಾಯಾ ಆಸ್ಟಿನ್ ಎಂಬ ಏಳಡಿಯ ತರುಣನಿಗೆ 2014ರ ಜೂನ್ ತಿಂಗಳಿನಲ್ಲಿ, ವೃತ್ತಿಕೂಟದ ಆಯ್ಕೆಗೆ ಕೆಲವೇ ದಿನಗಳಿರುವಾಗ, ವೈದ್ಯಕೀಯ ತಪಾಸಣೆಯಲ್ಲಿ ಈ ದೋಷ ಗೋಚರಿಸಿತು. ಅಂದು ಕನಸು ಒಡೆಯಿತು, ಆದರೆ ಪ್ರಾಣ ಉಳಿಯಿತು. ಮುಂದೆ ವೈದ್ಯರ ಅನುಮತಿ ದೊರೆತು ಹೊರದೇಶಗಳಲ್ಲಿ ಆಡುವ ಭಾಗ್ಯವೂ ಆತನಿಗೆ ಬಂದಿತು. ಎದೆಯ ಪ್ರತಿಧ್ವನಿ ಪರೀಕ್ಷೆಯೊಂದರಿಂದ ತಿಳಿಯುವ ಈ ಸಂಗತಿಯನ್ನು ಎತ್ತರದ ಮಗುವನ್ನು ತರಬೇತಿ ಶಿಬಿರಕ್ಕೆ ಕಳುಹಿಸುವ ಮೊದಲೇ ತಿಳಿದುಕೊಳ್ಳುವುದು ಜಾಣತನ. ಆಡುವಾಗ ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ, ಬಿಸಿಲಿನ ನೆಪ ಹೇಳಿ ಸುಮ್ಮನಿರಬಾರದು.

ಬಿಸಿಲೂ ಸಾಮಾನ್ಯ ಶತ್ರುವಲ್ಲ. ವಿಜಯವಾಡದ ಬೇಸಗೆಯ ಉಷ್ಣತೆ ಕೆಲವು ವರ್ಷ 45 ಡಿಗ್ರಿಯನ್ನೂ ಮೀರುತ್ತದೆ. ವಿಶಾಖಪಟ್ಟಣದಲ್ಲಿ ಅಂಕಿ ಕಡಿಮೆ ಕಂಡರೂ ಕಡಲ ತೇವದಿಂದ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮಲೆನಾಡಿನಿಂದಲೋ ಬೆಂಗಳೂರಿನಿಂದಲೋ ಹೊಸದಾಗಿ ಬಂದ ಮಗುವಿಗೆ ಈ ಹವೆ ಒಗ್ಗಲು ಒಂದೆರಡು ವಾರ ಹಿಡಿಯುತ್ತದೆ. ಅಷ್ಟು ಕಾಲ ಆಟವನ್ನು ಮೆಲ್ಲನೆ ಏರಿಸಬೇಕು. ಉಪ್ಪು ಬೆರೆಸಿದ ಮಜ್ಜಿಗೆ, ಗಂಜಿ, ನಿಂಬೆಯ ಪಾನಕ ಬಾಯಾರುವ ಮೊದಲೇ ಹೊಟ್ಟೆಗೆ ಹೋಗುತ್ತಿರಲಿ. ಮೂಳೆಗೆ ಬೇಕಾದ ಸುಣ್ಣದ ಅಂಶಕ್ಕೆ ಕನ್ನಡಿಗರು ಡಬ್ಬದ ಪುಡಿಗಳನ್ನು ಹುಡುಕಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆಯನ್ನು ತೆಲುಗರು ಸಂಕಟಿ ಎಂದು ಕರೆದರೂ ಗುಣ ಒಂದೇ.

ಡಬ್ಬದ ಪುಡಿಯ ವಿಷಯವಾಗಿ ಸ್ಪಷ್ಟವಾಗಿಯೇ ಹೇಳಬೇಕು. ಮೇಲೆ ಹೇಳಿದ ಹಿಜೆನಮೀನ್ ಎಂಬ ವಸ್ತು ಕೆಲವು ಗಿಡಮೂಲಿಕೆಗಳಲ್ಲಿಯೂ, ಅವುಗಳಿಂದ ಮಾಡಿದ ಶಕ್ತಿವರ್ಧಕಗಳಲ್ಲಿಯೂ ಇರುತ್ತದೆ. ಗಿಡಮೂಲಿಕೆಯೆಂದ ಮಾತ್ರಕ್ಕೆ ನಿರಪಾಯವಲ್ಲ. ವ್ಯಾಯಾಮಶಾಲೆಯ ಅಣ್ಣ ಕೊಟ್ಟದ್ದು, ಅಂಗಡಿಯವನು ಹೊಗಳಿದ್ದು ಮಗುವಿನ ಬಾಯಿಗೆ ಹೋಗುವ ಮೊದಲು ವೈದ್ಯರ ಕಣ್ಣಿಗೆ ಬೀಳಲಿ. ಮೈಯೊಳಗೆ ಸೇರಿದ್ದಕ್ಕೆ ಆಟಗಾರನೇ ಹೊಣೆಯೆಂಬುದು ಮದ್ದುತಡೆ ನಿಯಮಗಳ ಮೂಲತತ್ತ್ವ. ತಿಳಿಯದೆ ತಿಂದೆನೆಂಬುದು ಸುಲಭವಾಗಿ ನಡೆಯುವ ಮಾತಲ್ಲ.

ಎರಡನೆಯ ಏಣಿ

ಚೀನಾದ ಯಾವೊ ಮಿಂಗ್ ಅವರ ಬಾಳು ಇಲ್ಲಿ ಸ್ಮರಣೀಯ. ಏಳೂವರೆ ಅಡಿಯ ಆ ಪ್ರತಿಭೆಯನ್ನು 2002ರಲ್ಲಿ ಎನ್.ಬಿ.ಎ. ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಆರಿಸಲಾಯಿತು. ಕೀರ್ತಿ, ಹಣ, ಎರಡು ಖಂಡಗಳ ಪ್ರೀತಿ ಎಲ್ಲವೂ ಬಂದವು. ಆದರೂ ಪಾದ ಮತ್ತು ಹರಡಿನ ಗಾಯಗಳು ಬಿಡಲಿಲ್ಲ. 2011ರಲ್ಲಿ, ಮೂವತ್ತೊಂದು ತುಂಬುವ ಮೊದಲೇ, ನಿವೃತ್ತಿ. ಜಗತ್ತಿನ ಅತ್ಯುತ್ತಮ ವೈದ್ಯರು ಸುತ್ತ ನಿಂತರೂ ಆ ಮೂಳೆಗಳು ಒಂಬತ್ತೇ ವರ್ಷ ಒದಗಿದವು. ಹೆಚ್ಚು ಮನನೀಯವಾದದ್ದು ಆಮೇಲಿನ ಕಥೆ. ಅವರು ಶಾಂಘೈನ ವಿಶ್ವವಿದ್ಯಾನಿಲಯಕ್ಕೆ ವಿದ್ಯಾರ್ಥಿಯಾಗಿ ಸೇರಿ ಏಳು ವರ್ಷ ಓದಿ 2018ರಲ್ಲಿ ಅರ್ಥಶಾಸ್ತ್ರದ ಪದವಿ ಪಡೆದರು. ಕೋಟಿಗಟ್ಟಲೆ ಗಳಿಸಿದವರಿಗೇ ಎರಡನೆಯ ಏಣಿ ಬೇಕಾಯಿತೆಂದಮೇಲೆ, ಗಾಜುವಾಕದ ಅಥವಾ ಸತ್ಯನಾರಾಯಣಪುರದ ಬಾಡಿಗೆ ಮನೆಯ ಹುಡುಗನಿಗೆ ಬೇಡವೇ?

ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಮಾತನ್ನು ಹಿರಿಯರು ಉದ್ದನೆಯ ಮಕ್ಕಳಿಗೆ ನಗುನಗುತ್ತ ಹೇಳುವುದುಂಟು. ಆದರೆ ಮಗುವಿನ ಕಾಲು ನಿಜವಾಗಿಯೂ ಉದ್ದವಾಗಿದ್ದರೆ ಕಾಲನ್ನು ಮಡಿಸೆನ್ನುವುದಕ್ಕಿಂತ ಹಾಸಿಗೆಯನ್ನು ಹಿರಿದು ಮಾಡುವುದು ಧರ್ಮ. ಆ ಹಾಸಿಗೆಯೆಂದರೆ ಶಾಲೆಯ ಓದು ಬಿಡದಿರುವುದು, ಪದವಿಯನ್ನು ಮುಗಿಸುವುದು, ಕ್ರೀಡಾ ಮೀಸಲಾತಿಯ ಹುದ್ದೆಗಳ ಪ್ರಕಟಣೆಗಳನ್ನು ತಪ್ಪದೆ ನೋಡುವುದು, ಪ್ರಮಾಣಪತ್ರಗಳನ್ನು ಜೋಪಾನವಾಗಿಡುವುದು, ಕುಟುಂಬದ ವಿಮಾಪತ್ರದಲ್ಲಿ ಕ್ರೀಡೆಯ ಗಾಯದ ಬಗ್ಗೆ ಏನು ಬರೆದಿದೆಯೆಂದು ಒಮ್ಮೆ ಪೂರ್ತಿ ಓದುವುದು.

ಸಂಘಗಳ ಕರ್ತವ್ಯ

ಇಷ್ಟೆಲ್ಲ ಮಾಡಿದರೂ ಒಂದು ಕಂದರ ಉಳಿಯುತ್ತದೆ. ನೌಕರಿ ಸಿಕ್ಕಿದ ಆಟಗಾರನಿಗೆ ಇಲಾಖೆಯ ಆಸ್ಪತ್ರೆಯಿದೆ. ದೇಶಕ್ಕೆ ಆಡಿ ಹೆಸರು ಪಡೆದು ಕಷ್ಟಕ್ಕೆ ಸಿಕ್ಕಿದವರಿಗೆ 1982ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಕ್ರೀಡಾಪಟುಗಳ ಕಲ್ಯಾಣನಿಧಿಯಿದೆ. ಹದಿನಾರರ ಹರೆಯದಲ್ಲಿ ಜಿಲ್ಲಾ ತಂಡಕ್ಕೆ ಆಡುತ್ತ, ಇನ್ನೂ ಯಾವ ಹುದ್ದೆಗೂ ಹೆಸರಿಗೂ ತಲುಪದೆ ಮೊಣಕಾಲು ಮುರಿದುಕೊಂಡ ಹುಡುಗಿಗೆ ಯಾರಿದ್ದಾರೆ? ತಂದೆಯ ಉಳಿತಾಯವಿದ್ದರೆ ಶಸ್ತ್ರಚಿಕಿತ್ಸೆ; ಇಲ್ಲದಿದ್ದರೆ ಜೀವನವಿಡೀ ಕುಂಟು, ಮತ್ತು “ಆಡಬೇಡವೆಂದರೆ ಕೇಳಿದೆಯಾ?” ಎಂಬ ಮಾತು. ಭಾರತದ ಬಾಸ್ಕೆಟ್‌ಬಾಲ್ ತನ್ನ ಅರ್ಧ ಪ್ರತಿಭೆಯನ್ನು ಕಳೆದುಕೊಳ್ಳುವುದು ಅಂತಾರಾಷ್ಟ್ರೀಯ ಅಂಗಣದಲ್ಲಲ್ಲ, ಈ ಕಂದರದಲ್ಲಿ ಎಂದರೆ ಉತ್ಪ್ರೇಕ್ಷೆಯಾಗದು.

ಹೊರನಾಡಿನ ಕನ್ನಡ ಸಂಘಗಳು ಪ್ರತಿ ರಾಜ್ಯೋತ್ಸವದಲ್ಲಿಯೂ ಗೆದ್ದ ಮಕ್ಕಳನ್ನು ವೇದಿಕೆಗೆ ಕರೆದು ಶಾಲು ಹೊದೆಸಿ, ಹಾರ ಹಾಕಿ, ಫಲಕ ಕೊಡುತ್ತವೆ. ಅದು ಪ್ರಶಂಸನೀಯ ಸಂಪ್ರದಾಯ. ಆದರೆ ಗೆದ್ದವರಿಗೆ ಹಾರ ಹಾಕಲು ಊರೆಲ್ಲ ಇರುತ್ತದೆ. ಬಿದ್ದವರನ್ನು ಎತ್ತಲು ಸ್ವಂತದವರೇ ಬೇಕು. ಪರಊರಿನಲ್ಲಿ ಸ್ವಂತದವರೆಂದರೆ ಸಂಘವೇ ಅಲ್ಲವೇ? ಶಾಲು ಫಲಕಗಳ ವೆಚ್ಚದಲ್ಲಿ ಒಂದು ಪಾಲನ್ನು ಪ್ರತಿವರ್ಷ ಬದಿಗಿಟ್ಟು, ಆಡುವ ಮಕ್ಕಳಿಗಾಗಿ ಅಪಘಾತ ವಿಮೆಯ ಕಂತು ಕಟ್ಟಬಹುದು. ಸದಸ್ಯರಲ್ಲಿ ವೈದ್ಯರಿಲ್ಲದ ಕನ್ನಡ ಸಂಘವೇ ವಿರಳ. ವರ್ಷಕ್ಕೊಂದು ಭಾನುವಾರ ಅವರು ಮಕ್ಕಳ ಮೊಣಕಾಲು, ಹೃದಯ, ಕಣ್ಣುಗಳನ್ನು ಪರೀಕ್ಷಿಸಿದರೆ ಅದಕ್ಕಿಂತ ಮಿಗಿಲಾದ ಸನ್ಮಾನ ಬೇರಿಲ್ಲ. ರೈಲ್ವೆಯಲ್ಲಿಯೂ ಬ್ಯಾಂಕುಗಳಲ್ಲಿಯೂ ಕ್ರೀಡಾ ಮೀಸಲಾತಿಯಿಂದ ಬಂದ ಹಿರಿಯ ಕನ್ನಡಿಗರಿದ್ದರೆ, ಅರ್ಜಿ ತುಂಬುವ ಬಗೆಯನ್ನು ಕಿರಿಯರಿಗೆ ಹೇಳಿಕೊಡಲು ಅವರಿಗೆ ಒಂದು ಸಂಜೆ ಸಾಕು. ಇವಾವುದಕ್ಕೂ ಸರ್ಕಾರದ ಅಪ್ಪಣೆ ಬೇಕಾಗಿಲ್ಲ.

ಇಷ್ಟು ಅಪಾಯವಿದ್ದರೆ ಆಟವೇ ಏಕೆ ಬೇಕೆಂದು ಕೇಳುವ ತಂದೆತಾಯಿಗಳೂ ಇರಬಹುದು. ಆಡದೆ ಕುಳಿತ ದೇಹಕ್ಕೆ ಅಪಾಯವಿಲ್ಲವೆಂಬುದು ಭ್ರಮೆ. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳು ಕುಳಿತವರನ್ನೇ ಹುಡುಕಿಕೊಂಡು ಬರುತ್ತವೆ. ನಗರಗಳ ಮನೆಗಳಲ್ಲಿ ಅವು ಈಗಾಗಲೇ ಬಾಡಿಗೆಯಿಲ್ಲದ ಬಿಡಾರ ಹೂಡಿವೆ. ಭಾಷೆ ಬೇರೆಯಾದ ಊರಿನಲ್ಲಿ ಮಗುವಿಗೆ ಮೊದಲ ಗೆಳೆಯರನ್ನು ಕೊಡುವುದೂ ಅಂಗಣವೇ. ಚೆಂಡನ್ನು ಇನ್ನೊಬ್ಬರಿಗೆ ಕೊಡಲು ತೆಲುಗು ವ್ಯಾಕರಣ ಬೇಕಾಗಿಲ್ಲ.

ಆದುದರಿಂದ “ಈ ಆಟದಿಂದ ಅನ್ನ ಹುಟ್ಟುತ್ತದೆಯೇ?” ಎಂದು ಕೇಳಿದ ಆ ತಾಯಿಗೆ ಪ್ರಾಮಾಣಿಕವಾದ ಉತ್ತರವೊಂದಿದೆ. ಆಟವೊಂದರಿಂದಲೇ ಹುಟ್ಟುವ ಸಂಭವ ಬಹಳ ಕಡಿಮೆ. ಆಟದ ಬಲದಿಂದ ಒಂದು ನೌಕರಿ ಹುಟ್ಟಬಹುದು, ಆ ನೌಕರಿಯಿಂದ ಅನ್ನ ಹುಟ್ಟುತ್ತದೆ. ಅದೂ ಕೂಡದಿದ್ದರೆ, ಓದು ಕೈಹಿಡಿಯುತ್ತದೆ. ಆಟದ ವಯಸ್ಸು ಹತ್ತು ವರ್ಷ, ಹೆಚ್ಚೆಂದರೆ ಹದಿನೈದು. ಅದರ ಆಚೆಗಿನ ದಶಕಗಳಲ್ಲಿ ಆ ಹುಡುಗ ಮಾರುಕಟ್ಟೆಯಿಂದ ಚೀಲ ಹೊತ್ತು ತರಬೇಕು, ಮಗಳ ಮದುವೆಯಲ್ಲಿ ಓಡಾಡಬೇಕು, ಮೊಮ್ಮಗನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಕು. ಆ ಮೊಣಕಾಲುಗಳನ್ನು ಹದಿನಾಲ್ಕನೆಯ ವಯಸ್ಸಿನಿಂದಲೇ ಕಾಪಾಡುವ ಮನೆ ಮತ್ತು ಸಂಘ ಬೆನ್ನಿಗಿದ್ದರೆ, ಅವನು ನಿಶ್ಚಿಂತೆಯಿಂದ ನೆಗೆಯಲಿ.